ಗೋಡೆ ಹೆಣೆದ ಮಹದೇವಿ

ರಾಮಾಪುರದಿಂದ ಕಾಡಿನ ಕಡೆ ತಿರುಗುವ ದಾರಿಯಲ್ಲಿ ಸೋಲಿಗರ ಕಾಲೊನಿಯೊಂದಿದೆ. ಅಲ್ಲಿಯ ಮಹದೇವಿ ಲಂಟಾನದ ಕಡ್ಡಿಯಲ್ಲಿ ಕುರ್ಚಿ, ಸೋಫಾ ಹೆಣೆಯುವುದರಲ್ಲಿ ಪಳಗಿದವಳು. ಕಾಡನ್ನೆಲ್ಲ ನುಂಗುತ್ತಿರುವ ಆ ಮುಳ್ಳುಗಿಡವನ್ನು ಕಡಿದು ತಂದು, ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿದರೆ ಬೆತ್ತದ ಹಾಗೆ ಮಾತು ಕೇಳುತ್ತದೆ. ಅವಳು ಮಾಡಿದ ಕುರ್ಚಿಗಳು ಲಾರಿ ಹತ್ತಿ ಊರೂರಿಗೆ ಹೋದವು. ಅವಳ ಮನೆಯಲ್ಲಿ ಮಾತ್ರ ಕೂರಲು ಚಾಪೆಯೇ ಗತಿ.

ಮನೆಯೆಂದರೆ ಸರ್ಕಾರ ಕಟ್ಟಿಸಿಕೊಟ್ಟ ಒಂದೇ ಕೋಣೆ, ಮೇಲೆ ಸಿಮೆಂಟ್ ಶೀಟು. ಒಲೆ, ಹಾಸಿಗೆ, ರಾಗಿಮೂಟೆ ಎಲ್ಲವೂ ಅಲ್ಲೇ. ಹಗಲಲ್ಲೂ ಬಲ್ಬು ಉರಿಯಬೇಕು. ಗಂಡ ನಾಗರಾಜು, ಅತ್ತೆ ದೊಡ್ಡತಾಯಮ್ಮ, ಮೈದುನ ಕ್ಯಾತಯ್ಯ, ತಾನು, ಇಷ್ಟು ಜನ ಹೇಗೋ ಹೊಂದಿಕೊಂಡಿದ್ದರು.

ಅಷ್ಟರಲ್ಲಿ ಕ್ಯಾತಯ್ಯನಿಗೆ ಯಳಂದೂರು ಕಡೆಯ ಹೆಣ್ಣು ಗೊತ್ತಾಯಿತು. ಮನೆ ನೋಡಲು ಬಂದ ಹೆಣ್ಣಿನ ಸೋದರತ್ತೆ ವೀರಮ್ಮ, ಮುದ್ದೆ ಉಂಡು ಕೈತೊಳೆದು ಸುತ್ತ ಕಣ್ಣಾಡಿಸಿದಳು.

"ಉಡ್ಗ ಒಳ್ಳೆಯವ್ನೆ. ಆದ್ರ ಒಸ ಜೋಡಿ ಎಲ್ಲಿ ಮಲಗಾದು? ಒಲೆ ಮ್ಯಾಲಾ?"

ಕ್ಯಾತಯ್ಯ ನಾಚಿ ಹೊರಗೆ ಓಡಿದ.

"ಮದ್ವೆ ಒಳಗೆ ಕೋಣೆ ಆಯ್ತದೆ ಕಣಕ್ಕ," ಎಂದುಬಿಟ್ಟಳು ಮಹದೇವಿ.

ವೀರಮ್ಮ ಬಸ್ಸು ಹತ್ತಿದ ಮೇಲೆ ನಾಗರಾಜು ಕೇಳಿದ, "ಇಟ್ಟಿಗೆ, ಸಿಮೆಂಟು ಎಲ್ಲಿಂದ ತಂದಿಯೆ?"

"ಇಟ್ಟಿಗೆ ಯಾಕೆ? ಸೋಫಾ ಎಣೆಯೋ ಕೈ ಗೋಡೆ ಎಣೆಯಲ್ವಾ?"

ಲಂಟಾನದ ಕಡ್ಡಿಯಲ್ಲಿ ಆಳೆತ್ತರದ ತಟ್ಟಿ ಹೆಣೆದು, ಕೋಣೆಯ ನಡುವೆ ನಿಲ್ಲಿಸಿದಳು. ಎಲ್ಲರೂ ಖುಷಿಯಿಂದ ಊಟಕ್ಕೆ ಕೂತರು. ಗಾಳಿ ಬೀಸಿತು. ತಟ್ಟಿ ಮೆಲ್ಲಗೆ ವಾಲಿ ಸಾರಿನ ಪಾತ್ರೆಯ ಮೇಲೆಯೇ ಬಿತ್ತು. ದೊಡ್ಡತಾಯಮ್ಮ ಮುಖಕ್ಕೆ ಸಿಡಿದ ಸಾರನ್ನು ಸೆರಗಿನಲ್ಲಿ ಒರೆಸಿಕೊಂಡು, "ಗೋಡೆ ಉಣ್ಣಕ್ಕೆ ಬಂದದೆ ಕಣ್ಲಾ, ಅದ್ಕೂ ಒಂದು ತಟ್ಟೆ ಆಕಿ," ಎಂದಳು. ನಕ್ಕು ನಕ್ಕು ಯಾರಿಗೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮಾರನೆಯ ದಿನ ಮಹದೇವಿ ತಟ್ಟಿಯನ್ನು ಮೇಲಿನ ಅಡ್ಡಪಟ್ಟಿಗೂ ಪಕ್ಕದ ಗೋಡೆಗಳಿಗೂ ಬಿಗಿದು ಕಟ್ಟಿದಳು. ಮಣ್ಣು, ಸಗಣಿ ಕಲಸಿ ಮೆತ್ತಿ, ಒಣಗಿದ ಮೇಲೆ ಸುಣ್ಣ ಬಳಿದಳು. ಓಡಾಡಲು ಬಾಗಿಲಷ್ಟು ಜಾಗವನ್ನೂ ಗಾಳಿಯಾಡಲೆಂದು ಮೇಲುಗಡೆ ತೆರಪನ್ನೂ ಬಿಟ್ಟಳು. ಒಲೆ ಕಿಟಕಿಯ ಕೆಳಗೆ ಸರಿಯಿತು, ರಾಗಿಮೂಟೆ ಹೊಸ ಅಟ್ಟ ಏರಿತು. ನಾಗರಾಜು ಕೊಳ್ಳೇಗಾಲದಿಂದ ಬೆಳಕು ಬಿಡುವ ಪ್ಲಾಸ್ಟಿಕ್ ಶೀಟು ತಂದು, ಛಾವಣಿಯ ಒಂದು ಶೀಟು ತೆಗೆದು ಅಲ್ಲಿ ಕೂರಿಸಿದ. ಬಿಸಿಲು ಮನೆಯ ನಡುವೆ ಬಂದು ಬಿತ್ತು. ದೊಡ್ಡತಾಯಮ್ಮ ಆ ಬೆಳಕಿಗೆ ಕೈಚಾಚಿ ನೋಡಿಕೊಂಡು ಬೆರಗಾದಳು. "ಅಯ್ಯೋ, ನಂಗೆ ಇಷ್ಟೊಂದು ವಯಸ್ಸಾಗದಾ?"

ಮದುವೆಯ ದಿನ ಬಂದ ಹೆಂಗಸರು ಹೆಣ್ಣನ್ನು ನೋಡಿದ್ದಕ್ಕಿಂತ ಕೋಣೆಯನ್ನು ನೋಡಿದ್ದೇ ಹೆಚ್ಚು. ವೀರಮ್ಮ ಗೋಡೆಗೆ ಭುಜ ಕೊಟ್ಟು ನೂಕಿದಳು. ಅದು ಅಲುಗಲಿಲ್ಲ.

"ನಮ್ಮನೆಗೂ ಒಂದು ಇಂತದ್ದೇ ಮಾಡ್ಕೊಡಮ್ಮಿ," ಎಂದಳು.

ಹಾಗೆ ಮಹದೇವಿ ಯಳಂದೂರು ಕಡೆಗೆ ಹೋದಳು, ಜೊತೆಗೆ ಹೊಸ ಸೊಸೆಯೂ ಹೊರಟಳು. ತವರಿಗೆ ಹೋದಂತೆಯೂ ಆಯಿತು, ಕೆಲಸ ಕಲಿತಂತೆಯೂ ಆಯಿತು. ಅಲ್ಲಿಂದ ಸುದ್ದಿ ಹಬ್ಬಿತು. ಕಾಮಗೆರೆಯ ಒಂದು ಮನೆಯಲ್ಲಿ ಹೆಣ್ಣುಮಕ್ಕಳಿಗೆ ಓದುವ ಮೂಲೆ ಮಾಡಿಕೊಟ್ಟರು. ಮುಳ್ಳೂರಿನಲ್ಲಿ ಕಾಲು ಸೋತ ಮುದುಕರೊಬ್ಬರಿಗೆ ಹಿಡಿದು ಏಳಲು ಗೋಡೆಗೊಂದು ಹಿಡಿ. ಎಲ್ಲಿಗೆ ಹೋದರೂ ಮಹದೇವಿ ಮೊದಲು ಸುಮ್ಮನೆ ಕೂತು, ಹೊಗೆ ಎತ್ತ ಹೋಗುತ್ತದೆ, ಯಾರು ಎಲ್ಲಿ ಕೂರುತ್ತಾರೆ ಎಂದು ನೋಡುತ್ತಾಳೆ. ಕೈಹಾಕುವುದು ಆಮೇಲೆ.

ಒಂದು ದಿನ ದೊಡ್ಡತಾಯಮ್ಮ ಮುನಿಸಿಕೊಂಡಳು. "ಊರ್ಗೆಲ್ಲ ಮಾಡ್ಕೊಡ್ತೀಯೆ. ನಂಗೇನು?"

ಮಹದೇವಿ ನಗುತ್ತ ಬಾಗಿಲ ಬಳಿ ಒರಗಲು ಬೆನ್ನಿರುವ ಅಗಲವಾದ ಮಂಚ ಹೆಣೆದುಕೊಟ್ಟಳು. ಈಗ ಮುದುಕಿ ಅದರ ಮೇಲೆ ಕಾಲುಚಾಚಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಟೀ ಕುಡಿಯಲು ಕರೆಯುತ್ತಾಳೆ. ಬಂದವರೂ ಬೇಗ ಏಳುವುದಿಲ್ಲ.