ಸರಪಳಿಯ ಎರಡು ತುದಿ ಹಿಡಿದವರು

ಜನವರಿ ಹನ್ನೆರಡು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕುಷ್ಟಗಿಯ ನಮ್ಮ ಭೂಮಾಪನ ಕಚೇರಿಯ ಬೀಗ ತೆಗೆದದ್ದು ನಾನೇ. ಕಸ ಗುಡಿಸಿದ್ದೂ ನಾನೇ. ಒಳಗೆ ಏಳು ಮೇಜು ಇವೆ, ಆ ದಿನ ಕೂತವರು ಇಬ್ಬರು: ಭೂಮಾಪಕಿಯಾದ ನಾನು, ನಾನು ಅಳೆದು ತಂದದ್ದನ್ನು ಪರಿಶೀಲಿಸಿ ಸಹಿ ಹಾಕುವ ತಪಾಸಕರು. ಉಳಿದ ಮೇಜುಗಳ ಮೇಲೆ ಕಡತಗಳು ಕೂತಿದ್ದವು.

ಕೆಲಸಕ್ಕೆ ಸೇರಿದ ದಿನದಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಸಂಜೆ ಮೂರು ಸಾಲು, ಅಷ್ಟೇ. ಅಳೆದದ್ದು ಎಷ್ಟು, ಅಳೆಯದೆ ವಾಪಸ್ ಬಂದದ್ದು ಎಷ್ಟು, ಬಸ್ಸಿನಲ್ಲಿ ಕಳೆದ ಹೊತ್ತು ಎಷ್ಟು. ಮೂರನೇ ಸಾಲು ಮೊದಲನೆಯದನ್ನು ಯಾವಾಗಲೂ ಸೋಲಿಸುತ್ತದೆ.

ಅಂದು ಮೊದಲು ಒಳಗೆ ಬಂದವರು ದಾಳಿಂಬೆ ತೋಟದ ಒಬ್ಬ ಹೆಣ್ಣುಮಗಳು. ವಯಸ್ಸು ನಲವತ್ತೈದರ ಸುಮಾರು, ಕೈಯಲ್ಲಿ ತಹಶೀಲ್ದಾರರ ಆದೇಶ. ಅವರ ತೋಟಕ್ಕೆ ಹೋಗಲು ಗ್ರಾಮ ನಕ್ಷೆಯಲ್ಲಿ ಒಂದು ಬಂಡಿದಾರಿ ಇದೆ, ಎರಡು ಚುಕ್ಕೆಗೆರೆಗಳ ನಡುವೆ. ನೆಲದ ಮೇಲೆ ಮಾತ್ರ ಇಲ್ಲ. ಕಳೆದ ವರ್ಷ ಪಕ್ಕದ ಹೊಲದ ಹಿರಿಯರು ಅದನ್ನು ಉತ್ತು ಜೋಳ ಬಿತ್ತಿದ್ದಾರೆ. ನಾವು ಹೋಗಿ ಅಳೆದು, ದಾರಿ ಇಲ್ಲಿಂದ ಇಲ್ಲಿಗೆ ಎಂದು ಗುರುತಿಸಿ ಕೊಡಬೇಕು.

"ಫೆಬ್ರವರಿ ಕಡೀಗೆ ಹಣ್ಣು ಬರ್ತಾವ್ರಿ ಮೇಡಂ" ಎಂದರು. "ಹಣ್ಣಿನ ಸಾವಕಾರ ಟೆಂಪೋ ತೋಟದ ಬಾಯಿಗೆ ಬಂದ್ರ ಮಾತ್ರ ಒಯ್ತೀನಿ ಅಂದಾನ. ತಲಿಮ್ಯಾಲ ಹೊತ್ತು ತಂದ್ರ ಬಡದು ಕಪ್ಪಾಗ್ತಾವು, ಮುಟ್ಟಂಗಿಲ್ಲಂತ. ಎರಡು ವರ್ಷ ಮಕ್ಕಳಂಗ ಸಾಕೀನ್ರಿ ಗಿಡಾ. ಇದ ಮೊದಲ ಬೆಳಿ."

ಫೆಬ್ರವರಿ ಕೊನೆಗೆ ಇನ್ನೂ ಆರು ವಾರ ಇತ್ತು. ಆಗುತ್ತದೆ ಎಂದೆ. ಅಳತೆಗೆ ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ಮೊದಲೇ ನೋಟಿಸು ಕೊಡಬೇಕು. ನಿಗದಿಯಾದ ದಿನ ನಾವು ಹೋಗದಿದ್ದರೆ ಆ ನೋಟಿಸು ಸತ್ತ ಹಾಗೆ, ಮತ್ತೆ ಹೊಸದು ಬರೆಯಬೇಕು. ಜನವರಿ ಇಪ್ಪತ್ತೆರಡು, ಗುರುವಾರ ಎಂದು ಬರೆದು ಕೊಟ್ಟೆ.

ಅದೇ ಮಧ್ಯಾಹ್ನ ಕೊಪ್ಪಳದ ಜಿಲ್ಲಾ ಕಚೇರಿಯಿಂದ ಎರಡು ಆದೇಶ ಬಂದವು. ಮೊದಲನೆಯದು: ಯಲಬುರ್ಗಾದಲ್ಲಿ ಕೆಲಸ ಬಾಕಿ ಇರುವುದರಿಂದ ಕುಷ್ಟಗಿಯ ಭೂಮಾಪಕಿ ವಾರದ ಮೊದಲ ಮೂರು ದಿನ ಅಲ್ಲಿಗೆ ಹೋಗಬೇಕು. ಎರಡನೆಯದು: ಕುಷ್ಟಗಿಯಲ್ಲಿ ಕೆಲಸ ಬಾಕಿ ಇರುವುದರಿಂದ ಯಲಬುರ್ಗಾದ ಭೂಮಾಪಕರು ವಾರದ ಮೊದಲ ಮೂರು ದಿನ ಇಲ್ಲಿಗೆ ಬರಬೇಕು. ನಾನು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತಪಾಸಕರಿಗೆ ತೋರಿಸಿದೆ.

ಅವರು ಕನ್ನಡಕ ಮೇಲೇರಿಸಿ ಎರಡನ್ನೂ ಓದಿದರು. "ಎರಡೂ ಬ್ಯಾರೆ ಬ್ಯಾರೆ ಟೇಬಲ್ಲಿಂದ ಬಂದಾವ ತಂಗಿ. ಆ ಟೇಬಲ್ಲಿನವ್ರು ಈ ಟೇಬಲ್ಲಿನವ್ರ ಜೋಡಿ ಮಾತಾಡಂಗಿಲ್ಲ."

"ಮತ್ತ ನಾವು ಬರದು ಕೇಳೋಣ್ರಿ ಸರ."

"ಕೇಳಿದ್ರ ಉತ್ತರ ಬರೂತನ ಯಾರು ಹೋಗ್ತಾರ? ಬಸ್ಸು ಎಂಟಕ್ಕೈತಿ. ಹೋಗು."

ಹೋದೆ. ಯಲಬುರ್ಗಾದ ಭೂಮಾಪಕರು ನನಗಿಂತ ಆರೇಳು ವರ್ಷ ದೊಡ್ಡವರು. ಅವರ ಬಸ್ಸು, ನನ್ನ ಬಸ್ಸು ದಾರಿಯಲ್ಲಿ ಒಂದೇ ನಿಲ್ದಾಣದಲ್ಲಿ ಚಹಾಕ್ಕೆ ನಿಲ್ಲುತ್ತಿದ್ದವು. ಕಿಟಕಿಯಿಂದ ಕಿಟಕಿಗೆ ನಮ್ಮ ಅಧಿಕಾರ ಹಸ್ತಾಂತರ ನಡೆಯುತ್ತಿತ್ತು.

"ಏನ್ರಿ ಮೇಡಂ, ನಿಮ್ಮ ಕುರ್ಚಿ ಕಾಲು ಅಳ್ಳಾಡತೈತಲ್ರಿ!"

"ನಿಮ್ಮ ಕುರ್ಚಿಗೆ ಕಾಲ ಇಲ್ರಿ ಸರ. ಇಟ್ಟಂಗಿ ಮ್ಯಾಲ ನಿಂತೈತಿ!"

ನಗುತ್ತಿದ್ದೆವು ನಿಜ. ಆದರೆ ಯಲಬುರ್ಗಾದ ಹಳ್ಳಿಗಳ ಗಡಿ ಗುರುತಿನ ಹಳೆಯ ಬಾಂದು ಕಲ್ಲು ಎಲ್ಲೆಲ್ಲಿವೆ ಎಂಬುದು ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಕುಷ್ಟಗಿಯದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಒಂದು ದಿನದ ಅಳತೆ ಇಬ್ಬರಿಗೂ ಎರಡು ದಿನ ಹಿಡಿಯತೊಡಗಿತು. ಬಾಕಿ ಎರಡೂ ಕಡೆ ಸಮನಾಗಿ ಏರಿತು.

ಜನವರಿ ಇಪ್ಪತ್ತೆರಡರ ಗುರುವಾರ ನಾನು ತೋಟಕ್ಕೆ ಹೋಗಲಿಲ್ಲ. ಹಿಂದಿನ ಸಂಜೆ ಫೋನು ಬಂತು, ಎಲ್ಲ ಭೂಮಾಪಕರೂ ಕೊಪ್ಪಳಕ್ಕೆ ಬರಬೇಕೆಂದು. ಸಭೆಯ ವಿಷಯ: ಅಳತೆ ಕೆಲಸ ಏಕೆ ಬಾಕಿ ಉಳಿಯುತ್ತಿದೆ. ಬೆಳಿಗ್ಗೆ ಹನ್ನೊಂದಕ್ಕೆ ಕೂತವರು ಸಂಜೆ ಐದಕ್ಕೆ ಎದ್ದೆವು. ನೋಟಿಸು ಸತ್ತಿತು. ಹೊಸದರಲ್ಲಿ ಫೆಬ್ರವರಿ ಐದು ಎಂದು ಬರೆದೆ.

ಸಭೆಯಿಂದ ಬಂದ ಒಂದೇ ಲಾಭ ರೋವರ್. ಉಪಗ್ರಹದ ಸಂಕೇತ ಹಿಡಿದು ಜಾಗ ತೋರಿಸುವ ಈ ಯಂತ್ರವಿದ್ದರೆ ಸರಪಳಿ ಬೇಡ, ಸರಪಳಿ ಹಿಡಿಯುವವರೂ ಬೇಡ, ಒಬ್ಬಳೇ ನಡೆದು ಅಳೆಯಬಹುದು. ನಾಲ್ಕು ತಾಲ್ಲೂಕಿಗೆ ಸೇರಿ ಒಂದು ಬಂದಿತ್ತು. ಯಾರ ಸುಪರ್ದಿಗೆ ಎಂಬ ಮಾತು ಎದ್ದಾಗ ಎಲ್ಲರೂ ಬೇಕು ಎಂದರು. ಕಳೆದುಹೋದರೆ ಯಾರು ಹೊಣೆ ಎಂದಾಗ ಯಾರೂ ಬೇಡ ಎಂದರು. ಕೊನೆಗೆ ಹಿರಿಯರೊಬ್ಬರು ದಾರಿ ಹುಡುಕಿದರು: ಜವಾಬ್ದಾರಿ ಸಮನಾಗಿರಲಿ. ಯಂತ್ರದ ತಲೆ ಗಂಗಾವತಿಗೆ, ಕೈಯಲ್ಲಿ ಹಿಡಿಯುವ ಪರದೆ ಕೊಪ್ಪಳಕ್ಕೆ, ಬ್ಯಾಟರಿ ಮತ್ತು ಚಾರ್ಜರ್ ಯಲಬುರ್ಗಾಕ್ಕೆ, ಕೋಲು ಕುಷ್ಟಗಿಗೆ. ನಾಲ್ಕೂ ಕಡೆಯವರು ಸಹಿ ಮಾಡಿ ತಮ್ಮ ಪಾಲು ತೆಗೆದುಕೊಂಡರು. ಅಣ್ಣತಮ್ಮಂದಿರ ಹೊಲ ಪಾಲು ಮಾಡಿ ಮಾಡಿ ನಮ್ಮ ಇಲಾಖೆಯವರ ಕೈ ಅದಕ್ಕೇ ಪಳಗಿದೆ.

ನಾನು ಬಸ್ಸಿನಲ್ಲಿ ಆ ಕೋಲನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ತಪಾಸಕರು ನೋಡಿ, "ಮನ್ಯಾಗ ಒಂದ ಎಮ್ಮಿ ಇದ್ರ ದಿನಾ ಹಂಚ್ಕೊಂತಾರವ್ವ, ಒಬ್ಬೊಬ್ರು ಒಂದೊಂದು ಕಾಲು ಒಯ್ಯಂಗಿಲ್ಲ" ಎಂದರು.

ಫೆಬ್ರವರಿ ಐದಕ್ಕೆ ಉಳಿದ ಮೂರು ಪಾಲುಗಳನ್ನು ಕೇಳಿ ಮೂರು ಕಡೆಗೂ ಬರೆದೆ. ತಲೆ ಬಂತು, ಗಂಗಾವತಿಯ ಜವಾನರೊಬ್ಬರು ಭತ್ತದ ಚೀಲದಲ್ಲಿ ಸುತ್ತಿ ತಂದರು. ಪರದೆಯೂ ಬಂತು. ಬ್ಯಾಟರಿ ಬರಲಿಲ್ಲ. ಯಲಬುರ್ಗಾದಲ್ಲಿ ಅದು ಬೀರುವಿನಲ್ಲಿತ್ತು. ಬೀರುವಿನ ಕೀಲಿ ಅಲ್ಲಿನ ಭೂಮಾಪಕರ ಜೇಬಿನಲ್ಲಿತ್ತು. ಅವರು ಹಿಂದಿನ ರಾತ್ರಿ ಕುಷ್ಟಗಿಯ ನೆಂಟರ ಮನೆಯಲ್ಲಿ ಉಳಿದಿದ್ದರು. ಬೆಳಿಗ್ಗೆ ನನ್ನ ಮುಂದೆ ಕೀಲಿ ಹಿಡಿದು ನಿಂತು, "ಕೀಲಿ ಐತ್ರಿ, ಬೀರು ಅಲ್ಲೈತಿ" ಎಂದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಆ ಕೋಲನ್ನು ಗೋಡೆಗೆ ಜೋರಾಗಿ ಒರಗಿಸಿದೆ.

ಎರಡನೇ ನೋಟಿಸೂ ಸತ್ತಿತು. ಮೂರನೆಯದು ಫೆಬ್ರವರಿ ಹತ್ತೊಂಬತ್ತಕ್ಕೆ.

ಹದಿಮೂರರಂದು ತೋಟದ ಅಕ್ಕ ಮತ್ತೆ ಬಂದರು. ನನ್ನ ಮೇಜಿನ ಮೇಲೆ ಒಂದು ದಾಳಿಂಬೆ ಇಟ್ಟರು. ಸಿಪ್ಪೆ ಸೀಳಿತ್ತು, ಒಳಗೆ ಕೆಂಪು ಕಾಳು ಕಾಣುತ್ತಿತ್ತು.

"ಇದು ಬಾಯಿ ಬಿಟ್ಟೈತ್ರಿ ಮೇಡಂ. ನಿಮ್ಮ ಆಫೀಸು ಯಾವಾಗ ಬಿಡತೈತಿ?"

"ಗುರುವಾರ ಬರ್ತೀನಿ ಅಕ್ಕಾರ."

"ಯಾವ ಗುರುವಾರ್ರಿ? ಎರಡು ಗುರುವಾರ ಆಗ್ಯಾವು. ಹತ್ತು ದಿನ ತಡದ್ರ ಎಲ್ಲಾ ಹಿಂಗ ಸೀಳ್ತಾವು."

ಯಂತ್ರದ ಆಸೆ ಬಿಟ್ಟು ಸರಪಳಿಯಲ್ಲೇ ಅಳೆಯುವುದೆಂದು ತಪಾಸಕರಿಗೆ ಹೇಳಿದೆ. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ, ನನ್ನ ಹುಟ್ಟಿಗಿಂತ ಹಳೆಯದು. ಅದಕ್ಕೆ ಆಚೆ ತುದಿಗೊಬ್ಬರು, ಈಚೆ ತುದಿಗೊಬ್ಬರು ಬೇಕು. ನಾನು ನಡುವೆ ನಿಂತು ನೋಡಿ ಬರೆದುಕೊಳ್ಳಬೇಕು. ಹಾಗೆ ಹಿಡಿಯುವ ಬಾಂದ್ ಜವಾನರ ಹುದ್ದೆ ನಮ್ಮಲ್ಲಿ ಎರಡು. ಒಂದು ಖಾಲಿ. ಇನ್ನೊಂದರಲ್ಲಿ ಇದ್ದವರನ್ನು ಮುನಿರಾಬಾದಿನ ಕಡೆ ಕಾಲುವೆ ಅಳತೆಗೆ ಕಳಿಸಿದ್ದರು. ಹೀಗಾದಾಗ ಅರ್ಜಿದಾರರೇ ಇಬ್ಬರು ಕೂಲಿಯವರನ್ನು ಕರೆತರುವುದು ನಮ್ಮಲ್ಲಿ ರೂಢಿ. ತರುತ್ತೇನೆ ಎಂದು ಅಕ್ಕ ಒಪ್ಪಿದರು.

ಹತ್ತೊಂಬತ್ತರ ಬೆಳಿಗ್ಗೆ ಎಂಟಕ್ಕೆ ಹೊಲದಲ್ಲಿದ್ದೆ. ಅಕ್ಕ ಇದ್ದರು, ಕೂಲಿಯವರಿರಲಿಲ್ಲ. ಪಕ್ಕದೂರಿನ ದೊಡ್ಡ ತೋಟದಲ್ಲಿ ಕೊಯ್ಲು ಶುರುವಾಗಿ, ಕೈಕಾಲು ಆಡುವವರೆಲ್ಲ ನಸುಕಿನಲ್ಲೇ ಟ್ರ್ಯಾಕ್ಟರ್ ಹತ್ತಿ ಹೋಗಿದ್ದರು. ಎದುರು ಬದುವಿನ ಮೇಲೆ ಪಕ್ಕದ ಹೊಲದ ಹಿರಿಯರು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅಕ್ಕ ಅವರನ್ನು ಕಾಕಾ ಎನ್ನುತ್ತಾರೆ. ರಕ್ತ ಸಂಬಂಧವಿಲ್ಲ, ಹೊಲದ ಸಂಬಂಧ.

"ನಾ ಒಂದು ತುದಿ ಹಿಡೀತೀನ್ರಿ" ಎಂದರು ಅಕ್ಕ.

"ಆಕಿ ಹಿಡದ್ರ ನಾ ಒಪ್ಪಂಗಿಲ್ಲ ನೋಡ್ರಿ" ಎಂದರು ಕಾಕಾ, ಕೂತಲ್ಲಿಂದಲೇ. "ಸಡ್ಲ ಬಿಟ್ಟು ನನ್ನ ಹೊಲದಾಗ ದಾರಿ ತಗೀತಾಳ."

"ಹಂಗಾರ ನೀವ ಹಿಡೀರಿ, ಕಾಕಾ!"

"ನಾ ಹಿಡದ್ರ ನೀ ಒಪ್ತಿ?"

"ಇನ್ನೊಂದು ತುದಿ ನಾ ಹಿಡದ್ರ ಒಪ್ತೀನಿ."

ಇಬ್ಬರೂ ನನ್ನ ಮುಖ ನೋಡಿದರು. ತಕರಾರಿನವರ ಕೈಗೆ ಸರಪಳಿ ಕೊಡಬಾರದು ಎಂದು ಎಲ್ಲೋ ಕೇಳಿದ ನೆನಪು. ಯಾವ ನಿಯಮ, ಎಲ್ಲಿದೆ, ಗೊತ್ತಿರಲಿಲ್ಲ. ಮೂರನೇ ನೋಟಿಸೂ ಸತ್ತರೆ ನಾಲ್ಕನೆಯದು ಬದುಕುವ ಹೊತ್ತಿಗೆ ಹಣ್ಣೆಲ್ಲ ಸೀಳಿರುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಹಿಡಿಯಿರಿ ಎಂದೆ.

ಸರಪಳಿ ಅಷ್ಟು ಬಿಗಿಯಾಗಿ ನಿಂತದ್ದನ್ನು ನಾನು ಕೆಲಸಕ್ಕೆ ಸೇರಿದಾಗಿನಿಂದ ನೋಡಿರಲಿಲ್ಲ. ಸಂಬಳದ ಜವಾನರು ಹಿಡಿದಾಗ ಅದು ನಡುವೆ ಜೋತು ಬೀಳುತ್ತದೆ, ಹತ್ತು ಸಲ ಹೇಳಬೇಕು. ಇಲ್ಲಿ ಒಬ್ಬರ ಸಡಿಲ ಇನ್ನೊಬ್ಬರಿಗೆ ನಷ್ಟ.

"ಎಳೀರಿ ಕಾಕಾ, ಮುಂಜಾನಿ ರೊಟ್ಟಿ ತಿಂದಿಲ್ಲೇನು?"

"ನೀ ಬಗ್ಗಬ್ಯಾಡ! ನೆಟ್ಟಗ ನಿಂದರು! ಮೇಡಂ, ನೋಡ್ರಿ, ಕಾಲು ಮುಂದಿಟ್ಳು!"

"ಇಟ್ಟಿಲ್ಲ! ನಿಮ್ಮ ಕಣ್ಣಾಗ ಪೊರಿ ಬಂದೈತಿ!"

ಜೋಳದ ಎಲೆ ಮುಖಕ್ಕೆ ತಾಗಿ ಉರಿಯುತ್ತಿತ್ತು. ಊರ ಗಡಿಯ ಬಾಂದು ಕಲ್ಲಿನಿಂದ ಹಿಡಿದು ಒಂದೊಂದೇ ಸರಪಳಿ ಸಾಗಿದೆವು. ಕಾಕಾ ಪ್ರತಿ ಸಲವೂ ಕಬ್ಬಿಣದ ಮೊಳೆಯನ್ನು ತಾವೇ ನೆಲಕ್ಕೆ ಹೊಡೆದು, ಅಕ್ಕನನ್ನು ಕರೆದು ತೋರಿಸುತ್ತಿದ್ದರು. ಹನ್ನೊಂದರ ಹೊತ್ತಿಗೆ ಮುಗಿಯಿತು. ದಾರಿ ಅರ್ಧ ಸರಪಳಿ ಅಗಲ, ಉದ್ದಕ್ಕೂ ಕಾಕಾನ ಜೋಳದೊಳಗೆ. ತಿರುವಿನಲ್ಲಿ ಮಾತ್ರ ಅದು ತೋಟದ ಬೇಲಿಯೊಳಗೆ ನುಗ್ಗಿತ್ತು. ಅಲ್ಲಿ ಅಕ್ಕ ದಾರಿಯ ಮೇಲೆಯೇ ಒಂದು ಸಾಲು ದಾಳಿಂಬೆ ನೆಟ್ಟಿದ್ದರು, ಒಂಬತ್ತು ಗಿಡ.

ಅಕ್ಕ ಹೋಗಿ ಆ ಸಾಲಿನ ಮುಂದೆ ನಿಂತರು. ಕಾಕಾ ಎಲೆಅಡಿಕೆ ಉಗುಳಿ ಬಂದು ಗಿಡಗಳನ್ನು ನೋಡಿದರು, ತಮ್ಮ ಜೋಳ ನೋಡಿದರು.

"ನಾನ ಹಿಡದ ಸರಪಳಿ" ಎಂದರು. "ಸುಳ್ಳು ಅನ್ನಾಕ ಬರಂಗಿಲ್ಲ. ನೀ ಗಿಡಾ ತಗಿ, ನಾ ಜ್ವಾಳ ಕೊಯ್ತೀನಿ. ನೀ ಮೊದಲು."

"ಯಾಕ ನಾ ಮೊದಲು?"

"ಹಂಗಾರ ಕೂಡೇ."

ಮರುದಿನ ಕೂಡಿಯೇ ಮಾಡಿದರಂತೆ. ಕಾಕಾ ಹಸಿ ಜೋಳವನ್ನು ಕೊಯ್ದು ತಮ್ಮ ದನಗಳಿಗೆ ಹಾಕಿದರು. ಅಕ್ಕ ಒಂಬತ್ತೂ ಗಿಡದ ಹಣ್ಣು ಬಿಡಿಸಿ, ಗಿಡಗಳನ್ನು ಬುಡಕ್ಕೆ ಕಡಿದರು. ಇಪ್ಪತ್ನಾಲ್ಕರಂದು ಟೆಂಪೋ ತೋಟದ ಬಾಯಿಗೆ ಹೋಗಿ ತುಂಬಿಕೊಂಡು ಬಂತು. ಅದು ಕುಷ್ಟಗಿಯ ಕೂಡುರಸ್ತೆ ದಾಟುವಾಗ ಅಕ್ಕ ಫೋನು ಮಾಡಿದರು. ನಾನು ಆಗ ಯಲಬುರ್ಗಾದಲ್ಲಿ ಇಟ್ಟಿಗೆ ಮೇಲಿನ ಕುರ್ಚಿಯಲ್ಲಿದ್ದೆ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ತಪಾಸಕರು ನನ್ನ ನಕ್ಷೆಗೆ ಸಹಿ ಹಾಕಲಿಲ್ಲ. ಸರಪಳಿ ಹಿಡಿದವರ ಜಾಗದಲ್ಲಿ ಇಬ್ಬರ ಸಹಿಯನ್ನು ನೋಡಿ ತಲೆ ಹಿಡಿದುಕೊಂಡರು. "ಅಳತಿ ಸರಿ ಐತಿ ತಂಗಿ, ನನಗೂ ಕಾಣತೈತಿ. ಆದ್ರ ಜಗಳದವ್ರ ಇಬ್ರೂ ಹಿಡದ್ರ ಇದು ಅಳತಿ ಅಲ್ಲ, ಪಂಚಾಯ್ತಿ. ನಾಳೆ ಯಾರರ ಕೇಳಿದ್ರ ನಾ ಏನ ಹೇಳಲಿ?"

"ಹಿಡಿಯಾವ್ರನ್ನ ಕೊಡ್ರಿ ಸರ, ಮತ್ತ ಅಳೀತೀನಿ."

"ನನಗ ಎಲ್ಲಿ ಅದಾರ? ನಾನ ಎರಡು ತಾಲ್ಲೂಕು ನೋಡಾಕತ್ತೀನಿ." ಅವರ ದನಿಯಲ್ಲೂ ನನ್ನದೇ ಸುಸ್ತು ಇತ್ತು. ಕಡತದ ಮೇಲೆ 'ರೋವರ್ ಮೂಲಕ ಮರು ಅಳತೆ' ಎಂದು ಬರೆದರು. ಹಾಗೆ ಬರೆದ ಮೇಲೆ ಕೂಲಿಯವರು ಸಿಕ್ಕರೂ ಸರಪಳಿಯಲ್ಲಿ ಅಳೆಯುವಂತಿಲ್ಲ. ಕಡತ ಕಿಟಕಿ ಪಕ್ಕದ, ಯಾರೂ ಕೂರದ ಮೇಜಿನ ಮೇಲೆ ಹೋಗಿ ಕೂತಿತು. ಕೋಲು ಅದರ ಪಕ್ಕದಲ್ಲೇ ಗೋಡೆಗೆ ಒರಗಿದೆ. ನನ್ನ ದಿನಚರಿಯ ಲೆಕ್ಕದಲ್ಲಿ ಆ ದಾರಿ ಇಂದಿಗೂ ಅಳೆಯದೆ ಉಳಿದ ಕೆಲಸ.

ಸಹಿ ಆಗದೆ ದಾರಿಗೆ ಕಲ್ಲು ನೆಡುವಂತಿಲ್ಲ. ಮೊನ್ನೆ ಸಂತೆಯಲ್ಲಿ ಕಾಕಾ ಸಿಕ್ಕಿದ್ದರು. "ನಾ ಮಾತಿಗೆ ತಪ್ಪಾವಲ್ರಿ" ಎಂದರು. "ಆದ್ರ ಈ ಸಲ ಹೊಲ ನನ್ನ ಮಗನ ಕೈಗೆ ಕೊಟ್ಟೀನಿ. ಅವ ಸರಪಳಿ ಹಿಡದಿಲ್ಲ. ಕಲ್ಲು ಇರಲಾರದ ದಾರಿ, ಮಳಿ ಬಿದ್ದ ಮ್ಯಾಲ ಟ್ರ್ಯಾಕ್ಟರಿಗೆ ಕಾಣತೈತೇನು?" ಮುಂಗಾರಿಗೆ ಹೆಚ್ಚು ದಿನ ಇಲ್ಲ. ಅಕ್ಕ ಮುಂದಿನ ಬೆಳೆಗೆ ಗಿಡ ಸವರಲು ಶುರು ಮಾಡಿದ್ದಾರೆ.

ಹಾಗಾಗಿ ಓದುಗರಲ್ಲಿ, ಅದರಲ್ಲೂ ನಿವೃತ್ತ ಭೂಮಾಪಕರಲ್ಲಿ, ಒಂದು ಮಾತು. ತಕರಾರಿನ ಎರಡೂ ಕಡೆಯವರು ಸೇರಿ ಸರಪಳಿ ಹಿಡಿದ ಅಳತೆ ಎಂದಾದರೂ ಮಂಜೂರಾದದ್ದುಂಟೆ? ಹಾಗೆ ಹಿಡಿಯಬಾರದು ಎನ್ನುವ ನಿಯಮ ನಿಜಕ್ಕೂ ಇದೆಯೇ, ಅಥವಾ ನಾವೆಲ್ಲ ಒಬ್ಬರಿಂದೊಬ್ಬರು ಕೇಳಿಕೊಂಡು ಬಂದ ಮಾತೇ? ನಾನು ಹುಡುಕಿದಲ್ಲೆಲ್ಲ ಸಿಕ್ಕಿಲ್ಲ. ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ, ಬಿತ್ತನೆಗೆ ಮೊದಲು.