ಬೆನ್ನು ಮಣ್ಣಿಗೆ ಹತ್ತಿಲ್ಲ

ರೋಬೋಟ್ ಬಿದ್ದರೆ ಮುಂದೇನಾಗಬೇಕು? ಈ ಒಂದು ಪ್ರಶ್ನೆಗೆ ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ. ಅಥಣಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕೂತು ಪುಣೆಯ ಕಂಪನಿಯೊಂದಕ್ಕೆ ವಿಡಿಯೋ ಗೇಮ್ ಮಾಡುವ ಕೆಲಸ ನನ್ನದು. ನೀರಿನ ಟಾಕಿಗಿಂತ ಎತ್ತರದ ಎರಡು ರೋಬೋಟ್‌ಗಳು ಬಡಿದಾಡುವ ಆಟ. ಬಡಿಯುವ ಭಾಗ ಬೇರೆಯವರದು. ಬೀಳುವುದು, ಏಳುವುದು ನನ್ನ ಪಾಲಿಗೆ ಬಂದಿತ್ತು. ಓಣಿಯವರು "ಏನ್ ಕೆಲಸಾ ಮಾಡ್ತಿ ಬೇ?" ಎಂದರೆ "ಬೀಳಸ್ತೀನ್ರಿ" ಎನ್ನುತ್ತಿದ್ದೆ.

ಮೊದಲಿದ್ದ ನಿಯಮ ಸಪ್ಪೆಯಾಗಿತ್ತು. ರೋಬೋಟ್ ನೆಲಕ್ಕೆ ಬಿತ್ತೆಂದರೆ ಆಡುವವನ ಕೈಯಲ್ಲಿ ಏನೂ ಇಲ್ಲ. ಅದು ತಾನಾಗಿ ಏಳುವವರೆಗೆ ಇವನು ಬಟನ್ ಒತ್ತುತ್ತಾ ಹಲ್ಲು ಕಡಿಯಬೇಕು. ಮೂರು ಸಲ ಬಿದ್ದರೆ ಸೋತಂತೆ. ನೋಡಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಬಿದ್ದವನು ಸುಮ್ಮನೆ ಬಿದ್ದಿರುತ್ತಾನೇನು?

ನಾನು ಪೈಲ್ವಾನನ ಮಗಳು. ಅಪ್ಪ ಕುಸ್ತಿ ಬಿಟ್ಟು ನೌಕರಿಗೆ ಸೇರಿ, ನೌಕರಿಯೂ ಮುಗಿದು ಈಗ ಮನೆಯಲ್ಲಿದ್ದಾನೆ. ತಾಲೀಮಿನ, ಅಂದರೆ ಗರಡಿಮನೆಯ, ಹೊಸ್ತಿಲು ದಾಟಲು ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತೇ ಕುಸ್ತಿ ನೋಡಿದವಳು. ಅಲ್ಲಿ ಬೋರಲು ಬಿದ್ದವನನ್ನು ಯಾರೂ ಸೋತವನೆನ್ನುವುದಿಲ್ಲ. ಅವನು ಕೈಕಾಲು ಅಗಲಿಸಿ ಮಣ್ಣಿಗೆ ಅಂಟಿಕೊಳ್ಳುತ್ತಾನೆ, ಮೇಲಿನವನು ಅವನನ್ನು ಹೊರಳಿಸಲು ಹೆಣಗುತ್ತಾನೆ. ಬೆನ್ನು ಮಣ್ಣಿಗೆ ಹತ್ತಿದರೆ ಮಾತ್ರ ಚಿತ್, ಅಂದರೆ ಸೋಲು. ಜನ ಸೀಟಿ ಹೊಡೆಯುವುದೇ ಆ ಹೆಣಗಾಟಕ್ಕೆ.

ಅದನ್ನೇ ಆಟಕ್ಕೆ ತಂದೆ. ಬೋರಲು ಬಿದ್ದ ರೋಬೋಟ್ ನೆಲ ಹಿಡಿದು ಉಳಿಯಬಹುದು, ಎದುರಾಳಿಯ ಕಾಲೆಳೆದು ಕೆಡವಬಹುದು. ಬೆನ್ನು ಹತ್ತುವವರೆಗೆ ಸೋಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಾಡಿನ ಅಬ್ಬರ, ಕರೆಂಟಿನ ಕಾಟ, ಎಲ್ಲದರ ನಡುವೆ ಮುಗಿಸಿ ಮೊದಲು ಅಪ್ಪನ ಕೈಗೆ ಕೊಟ್ಟೆ. ಬಿದ್ದಲ್ಲಿಂದಲೇ ಎದುರಾಳಿಯ ಕಾಲೆಳೆದು ಅಪ್ಪ ಕುಣಿದಾಡಿಬಿಟ್ಟ. "ಹಾಂ! ಇದಕ್ಕ ಅಂತಾರ ನೋಡ ಕುಸ್ತಿ! ಭಾರೀ ಮಾಡೀದಿ ಬಿಡವಾ!" ಅಲ್ಲಿಯವರೆಗೆ ನನ್ನ ಕೆಲಸವನ್ನು ಅವನು ಕೆಲಸವೆಂದು ಕರೆದದ್ದೇ ಇಲ್ಲ.

ಆದರೆ ಬೋರಲು ಬೀಳುವುದನ್ನೂ ಸೋಲೆಂದುಕೊಳ್ಳುವ ಜನ ಇದ್ದಾರೆಂದು ನನಗೆ ಹೊಳೆದೇ ಇರಲಿಲ್ಲ. ಆಟದಲ್ಲಿ ಒಂದು ಸಾಲಿನ ಸೂಚನೆ ಕೂಡ ಬರೆದಿರಲಿಲ್ಲ. ಪುಣೆಗೆ ಕಳಿಸಿದ ಮೇಲೆ ವಿಡಿಯೋ ಕಾಲಿನಲ್ಲಿ ನಮ್ಮ ಮುಖ್ಯಸ್ಥ ತೆರೆಯತ್ತ ಬೆರಳು ಮಾಡಿ ಮರಾಠಿಯಲ್ಲಿ ಕೂಗಿದ: "ಅಹೋ, ಪಡ್ಲಾ ನಾ ತೋ!" ಬಿತ್ತಲ್ಲ ಅದು!

"ಪಾಠ್ ಟೇಕ್ಲೀ ನಾಹೀ," ಎಂದೆ. ಬೆನ್ನು ಹತ್ತಿಲ್ಲ.

ಅವನು ನನ್ನನ್ನು ಹುಚ್ಚಿಯಂತೆ ನೋಡಿದ. ಆಡಿ ನೋಡಿದವರೆಲ್ಲ ಆಟವೇ ಕೆಟ್ಟಿದೆ ಎಂದು ಬರೆದಿದ್ದರಂತೆ. ಒಂದು ಸೂಚನೆ ಸೇರಿಸುತ್ತೇನೆ, ಒಂದು ವಾರ ಕೊಡಿ ಎಂದು ಗೋಗರೆದೆ. ಆಗದು, ಹಳೆಯ ನಿಯಮವನ್ನೇ ಹಾಕಿರಿ, ನಿಮಗಾಗದಿದ್ದರೆ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದ ಅವನು. ಹಾಳಾಗಿ ಹೋಗಲಿ ಎಂದು ಬೈಯುತ್ತಾ, ಅಷ್ಟನ್ನೂ ನನ್ನ ಕೈಯಾರೆ ಅಳಿಸಿದೆ. ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ.

ಕೆಲವು ದಿನಗಳ ನಂತರ ಅಪ್ಪ ತಾಲೀಮಿನ ಹಳೆಯ ಗೆಳೆಯನನ್ನು ಕರೆದುಕೊಂಡು ಮೆಟ್ಟಿಲೇರಿ ಬಂದ. "ಬರ್ರಿ, ಬರ್ರಿ, ನಮ್ಮ ಹುಡುಗಿ ಕುಸ್ತಿ ಹೆಂಗ ಮಾಡ್ಯಾಳ ನೋಡಬರ್ರಿ." ನಾನು ಬೇಡವೆನ್ನುವಷ್ಟರಲ್ಲಿ ಕಂಟ್ರೋಲರ್ ಅಪ್ಪನ ಕೈಯಲ್ಲಿತ್ತು. ರೋಬೋಟ್ ಬೋರಲು ಬಿತ್ತು. ಅಪ್ಪ ಒತ್ತಿದ, ಮತ್ತೆ ಮತ್ತೆ ಒತ್ತಿದ, ಅದು ಅಲುಗಲಿಲ್ಲ. ಮೂರನೆಯ ಸಲ ಬಿದ್ದಾಗ ತೆರೆಯ ಮೇಲೆ ಸೋಲು ಮೂಡಿತು.

"ಏ, ಬೆನ್ನ ಮಣ್ಣಿಗೆ ಹತ್ತೇ ಇಲ್ಲ! ಯಾವ ಹಲ್ಕಟ್ ಬರದಾನ ಈ ರೂಲ್?"

"ನಾನ, ಅಪ್ಪಾ."

ಗೆಳೆಯ ಕಿಟಕಿಯ ಹೊರಗೆ ನೋಡತೊಡಗಿದ. ಪುಣೆಯವರು ಹೇಳಿದ್ದನ್ನೆಲ್ಲ ನಾನು ಗಡಬಡಿಸಿ ಒದರಿದೆ. ಅಪ್ಪ ಪೂರ್ತಿ ಕೇಳಿ, ಕಂಟ್ರೋಲರನ್ನು ಮೇಜಿನ ಮೇಲಿಟ್ಟ.

"ಅವ್ರ ನಿನ್ನ ಚಿತ್ ಮಾಡಿದ್ರೋ," ಎಂದು ಕೇಳಿದ, "ಇಲ್ಲಾ ನೀನ ಹೋಗಿ ಬೆನ್ನ ಮಣ್ಣಿಗೆ ಹಚ್ಚಿದ್ಯೋ?"