ಗಾಳಿ ಸಾಲದ ಕಾರು

ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಕೆಳಗೆ ಯಾರೋ ಹಳೆಯ ಕಾರೊಂದನ್ನು ಚಾಲೂ ಮಾಡಿದರು. ಅರ್ಧ ಸುಟ್ಟ ಪೆಟ್ರೋಲಿನ ವಾಸನೆ ಮೇಲಿನವರೆಗೂ ಬಂತು. ಪೇಪರು ಓದುತ್ತಿದ್ದ ನಮ್ಮವರು ತಲೆ ಎತ್ತಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ವಿಶಾಖಪಟ್ಟಣದ ಮಧುರವಾಡದ ಈ ಅಪಾರ್ಟ್‌ಮೆಂಟಿನಲ್ಲಿ ಆ ವಾಸನೆ ನಮ್ಮಿಬ್ಬರಿಗೆ ಮಾತ್ರ ಚುಚ್ಚುವಂಥದ್ದು. ಯಾಕೆಂದು ಹೇಳುತ್ತೇನೆ, ಕೇಳಿ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮವರು ನೌಕಾಪಡೆಯಲ್ಲಿದ್ದರು, ಧಾರವಾಡದ ನಾನು ಅವರ ಬೆನ್ನು ಹತ್ತಿ ವಿಶಾಖಪಟ್ಟಣದ ಕ್ವಾರ್ಟರ್ಸಿಗೆ ಬಂದಿದ್ದೆ. ಅವರಿಗೆ ಜಗತ್ತಿನಲ್ಲಿ ಎಲ್ಲದರ ಮೇಲೂ ಸಂಶಯ, ಉಪ್ಪುಗಾಳಿಯ ಮೇಲೆ ಎಲ್ಲಕ್ಕಿಂತ ಹೆಚ್ಚು. ಹಡಗಿನಲ್ಲಿ ತೂತು ಕಂಡಲ್ಲೆಲ್ಲ ಮುಚ್ಚುವ ಅಭ್ಯಾಸವನ್ನು ಮನೆಗೂ ತಂದಿದ್ದರು. ಸೇಲಿಂಗಿಗೆ, ಅಂದರೆ ಹಡಗಿನೊಂದಿಗೆ ಸಮುದ್ರಕ್ಕೆ, ಹೊರಡುವ ಮುನ್ನ ಟೀವಿಯ ಬೆನ್ನಿಗೆ ಬಟ್ಟೆ, ಹೊಲಿಗೆ ಯಂತ್ರಕ್ಕೆ ಬಟ್ಟೆ. ಬಹಳ ಹೊತ್ತು ಒಂದೇ ಕಡೆ ಕೂತರೆ ನನಗೂ ಸುತ್ತಿಯಾರೆಂದು ನಾನು ಏಳುತ್ತ ಕೂಡುತ್ತ ಇರುತ್ತಿದ್ದೆ. ಕಾರಿಗೆ ಏನು ಮಾಡುತ್ತಿದ್ದರೋ ನನಗೆ ಗೊತ್ತಿರಲಿಲ್ಲ. ಬಾನೆಟ್ಟಿನ ಹತ್ತಿರ ಹೆಂಗಸರಿಗೆ ಪ್ರವೇಶವಿರಲಿಲ್ಲ.

ನನ್ನ ತಂಗಿ ಸುಮಾಳನ್ನು ವಿಜಯವಾಡಕ್ಕೆ ಕೊಟ್ಟಿತ್ತು. ನಮ್ಮವರೇ ಮುಂದೆ ನಿಂತು ಮಾಡಿಸಿದ ಮದುವೆ. ಅವಳ ಗಂಡ ಪ್ರಸಾದ ತೆಲುಗಿನವನು, ಅಲ್ಲಿಯ ಒನ್ ಟೌನ್ ಪೇಟೆಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ. ಒಮ್ಮೆ ನಮ್ಮವರು ಸಮುದ್ರದಲ್ಲಿದ್ದಾಗ ಇಬ್ಬರೂ ಮಗುವಿನ ಮುಡಿ ಕೊಡಲು ಬಂದರು. ಪ್ರಸಾದ ನಮ್ಮ ಕಾರಿನಲ್ಲೇ ಎಲ್ಲರನ್ನೂ ಸಿಂಹಾಚಲಕ್ಕೆ ಕರೆದೊಯ್ದ. ದಾರಿಯಲ್ಲಿ ಮೂಗು ಅರಳಿಸಿ, ಪೆಟ್ರೋಲ್ ವಾಸನೆ ಜಾಸ್ತಿ ಇದೆ, ಅನ್ನಯ್ಯ ಬಂದ ಮೇಲೆ ಹೇಳಿ ಎಂದ. ತೆಲುಗಿನ ರೂಢಿಯಂತೆ ನಮ್ಮವರು ಅವನಿಗೆ ಅನ್ನಯ್ಯ, ಅಂದರೆ ಅಣ್ಣ; ನಾನು ವದಿನಾ, ಅಂದರೆ ಅತ್ತಿಗೆ. ಹಿರಿಯ ಷಡ್ಡಕನ ಕಾರಿನ ಬಾನೆಟ್ಟನ್ನು ಕೇಳದೆ ಎತ್ತುವುದು ಮರ್ಯಾದೆಯಲ್ಲವೆಂದು ಸುಮ್ಮನಾದ.

ನಮ್ಮವರು ಜ್ವರ ಹೊತ್ತುಕೊಂಡು ಬಂದರು. ಎದ್ದು ಕಾರು ತೆಗೆದರೆ ಅದು ಕರಿ ಹೊಗೆ ಉಗುಳಿತು, ನಿಂತಲ್ಲೇ ನಡುಗಿತು, ಪೆಟ್ರೋಲನ್ನು ನೀರಿನಂತೆ ಕುಡಿಯಿತು. ದ್ವಾರಕಾ ನಗರದ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಿದ. ಒಲೆಯ ಮಸಿಯಂತೆ ಕಪ್ಪು. ಮಿಕ್ಸ್‌ಚರ್ ರಿಚ್ ಆಗಿದೆ, ಒಂದೋ ಕಾರ್ಬುರೇಟರ್ ಪೆಟ್ರೋಲು ಹೆಚ್ಚು ಬಿಡುತ್ತಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ ಎಂದ. ನಮ್ಮವರು ಮೊದಲನೆಯದನ್ನಷ್ಟೇ ಕೇಳಿಸಿಕೊಂಡರು. ಕಾರು ಯಾರ ಕೈಗೆ ಹೋಗಿತ್ತು? ಅವನ ಅಂಗಡಿ ಯಾವುದರದು? ನಮ್ಮ ಒಳ್ಳೆಯ ಕಾರ್ಬುರೇಟರ್ ಬಿಚ್ಚಿಕೊಂಡು ಹಳೆಯದನ್ನು ಕೂರಿಸಿದ್ದಾನೆ, ಮುಗಿಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನಗೆ ಹೇಳಿದ್ದು ಸಾಲದೆಂದು ಕ್ವಾರ್ಟರ್ಸಿನ ಕನ್ನಡದವರಿಗೆಲ್ಲ ಹೇಳಿದರು, ಕೊನೆಗೆ ಧಾರವಾಡದ ನನ್ನ ತವರಿಗೂ ಮುಟ್ಟಿಸಿದರು. ಒಂದು ಕಾರ್ಬುರೇಟರಿನ ನೆವದಲ್ಲಿ ಒಡಹುಟ್ಟಿದವಳ ಮನೆಯ ಬಾಗಿಲು ಮುಚ್ಚಿಹೋದೀತೆಂದು ನನಗೆ ಅನ್ನ ಸೇರದಾಯಿತು.

ಆಗಲೇ ಸುಮಾಳ ಮಗಳ ಮೊದಲ ಹುಟ್ಟುಹಬ್ಬ ಬಂತು. ನಾನು ಹಟ ಹಿಡಿದೆ. ಅವರು ಒಪ್ಪಿದ್ದು ಮಗುವನ್ನು ಹರಸಲಿಕ್ಕಲ್ಲ, ಹತ್ತು ಜನರೆದುರು ಅದರಪ್ಪನ ಬಣ್ಣ ಬಯಲು ಮಾಡಲಿಕ್ಕೆ. ವಿಜಯವಾಡದ ದಾರಿಯಲ್ಲಿ ತುನಿ ಎಂಬ ಊರು ದಾಟುತ್ತಲೇ ಕಾರು ಕೆಮ್ಮಿ ನಿಂತಿತು. ಅವರು ಬಾನೆಟ್ ಎತ್ತಿದರು. ನಾನೂ ಇಳಿದು ಹಿಂದೆ ನಿಂತೆ. ಏರ್ ಫಿಲ್ಟರಿನ ಮುಚ್ಚಳ ತೆಗೆದು, ಗಾಳಿ ಎಳೆಯುವ ಕೊಳವೆಗೆ ಕೈ ಹಾಕಿ ಒಂದು ಬಟ್ಟೆ ಹೊರಗೆಳೆದರು. ಎಣ್ಣೆ ಕುಡಿದು ಕಂದಿದ್ದರೂ ನನಗೆ ಗುರುತು ಸಿಕ್ಕಿತು. ಅದು ಅವರದೇ ಹಳೆಯ ಬಿಳಿ ಯೂನಿಫಾರ್ಮಿನ ತೋಳು. ಸೇಲಿಂಗಿಗೆ ಮುನ್ನ ಉಪ್ಪುಗಾಳಿಗೆಂದು ತುರುಕಿದ್ದು, ಎಂಜಿನ್ ಎಳೆದ ರಭಸಕ್ಕೆ ಒಳಕ್ಕೆ ಜಾರಿತ್ತು. ಜ್ವರದ ಮಂಪರಿನಲ್ಲಿ ಅವರಿಗೆ ಮರೆತುಹೋಗಿತ್ತು. ಪ್ರಸಾದ ಸ್ಟಿಯರಿಂಗ್ ಮುಟ್ಟುವ ಮೊದಲೇ ಕಾರಿಗೆ ಉಸಿರು ಕಟ್ಟಿತ್ತು.

ಅವರು ಅದನ್ನು ಮುದ್ದೆ ಮಾಡಿ ಗೋಡಂಬಿ ತೋಟದೊಳಕ್ಕೆ ಎಸೆದರು. ಏನಾಗಿತ್ತೆಂದು ಕೇಳಿದರೆ ಸ್ಕ್ರೂ ಸಡಿಲಾಗಿತ್ತು ಎಂದರು. ನಾನು ನೋಡಿಲ್ಲವೆಂದುಕೊಂಡರೋ, ನೋಡಿದರೂ ಬಾಯಿ ಬಿಡಲಾರಳು ಎಂದುಕೊಂಡರೋ, ಇಂದಿಗೂ ನನಗೆ ಅನುಮಾನ. ಕಾರು ಹೊಗೆಯಿಲ್ಲದೆ ಓಡಿತು. ರಾಜಮಂಡ್ರಿಯ ಸೇತುವೆ ದಾಟಿದ ಮೇಲೆ ಹೇಳುತ್ತಾರೆ, ಏಲೂರಿನಲ್ಲಿ ಚಹಾ ಕುಡಿಯುವಾಗ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ.

ಊಟವಾಗಿ ಎಲೆಯಡಿಕೆಗೆ ಕೂತಿದ್ದೆವು. ಧಾರವಾಡದಿಂದ ಬಂದಿದ್ದ ನಮ್ಮ ಕಾಕಾ ಎಲ್ಲರೆದುರು ಪ್ರಸಾದನನ್ನು, ಕದ್ದ ಕಾರ್ಬುರೇಟರಿನ ವ್ಯಾಪಾರ ಹೇಗಿದೆ ಎಂದು ಕೇಳಿಯೇಬಿಟ್ಟರು. ನಾಲ್ಕು ಜನ ನಕ್ಕರು. ಪ್ರಸಾದ ತಿಳಿಯದೆ ಹೆಂಡತಿಯ ಮುಖ ನೋಡಿದ. ಸುಮಾಳಿಗೆ ತಿಳಿದಿತ್ತು, ಅವಳು ಮಗುವನ್ನು ಎದೆಗವಚಿಕೊಂಡು ತಲೆ ತಗ್ಗಿಸಿದಳು. ನಮ್ಮವರು ಸುಣ್ಣ ಹಚ್ಚುತ್ತ ಕೂತಿದ್ದರು. ನನ್ನ ಮೈ ಉರಿದುಹೋಯಿತು.

"ಕಾಕಾ, ಕಾರ್ಬುರೇಟರ್ ಯಾರೂ ಕದ್ದಿಲ್ಲ. ಇವರ ಅಂಗಿ ತೋಳು ಇವರೇ ಕಾರಿನೊಳಗ ತುರುಕಿದ್ರು, ಇವತ್ತ ತುನಿ ಹತ್ರ ಇವರೇ ತಗದು ಒಗದ್ರು. ನಾ ನೋಡೇನಿ."

ಸುಮಾ ತೆಲುಗಿನಲ್ಲಿ ತಿಳಿಸಿ ಹೇಳಿದ ಮೇಲೆ ಪ್ರಸಾದ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಮೆಲ್ಲಗೆ ಅಂದದ್ದಿಷ್ಟೆ: "ಅನ್ನಯ್ಯಾ, ನನ್ನನ್ನ ಒಂದು ಮಾತು ಕೇಳಬೇಕಾಗಿತ್ತು ಕದಾ."

ನಮ್ಮವರು ಕೈ ತೊಳೆಯಲು ಎದ್ದುಹೋದರು. ಕ್ಷಮಿಸು ಎಂಬ ಮಾತು ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಹೋಗಿಬರುವುದು ನಿಲ್ಲಲಿಲ್ಲ, ದೇವರು ದೊಡ್ಡವನು. ಆದರೆ ಪ್ರಸಾದ ಆಮೇಲೆ ನಮ್ಮ ಯಾವ ಕಾರಿಗೂ ಕಾಲಿಟ್ಟಿಲ್ಲ. ಕಾರುಗಳು ಬದಲಾದವು, ಅವನ ತಲೆ ನರೆಯಿತು. ಸ್ಟೇಷನ್ನಿನಿಂದ ಆಟೋದಲ್ಲೇ ಬರುತ್ತಾನೆ. ಕಾರು ಕಳಿಸುತ್ತೇನೆಂದರೆ ನಗುತ್ತಾನೆ. "ನಾನು ಕೂತ ಮೇಲೆ ಏನಾದ್ರೂ ಕೆಟ್ರೆ, ವದಿನಾ?"

ಇವತ್ತು ಅವನು ಬರುವ ದಿನ. ಕೆಳಗಿನ ಕಾರು ಹೋದ ಮೇಲೆ ನಮ್ಮವರು ಪೇಪರು ಮಡಚಿಟ್ಟು ಅಂಗಿ ಹಾಕಿಕೊಂಡರು. ಸ್ಟೇಷನ್ನಿಗೆ ಹೋಗುತ್ತಾರಂತೆ. ಇಷ್ಟು ವರ್ಷ ಅವನನ್ನು ಎದುರುಗೊಳ್ಳಲು ಒಮ್ಮೆಯೂ ಹೋದವರಲ್ಲ. ಇದೇನು ಹೊಸ ಹುನ್ನಾರವೋ ಎಂದು ನನಗೆ ಸಂಶಯವೇ. ಆದರೂ ಕಾರಿನ ಕೀಲಿ ಮುಂದೆ ಚಾಚಿದೆ. ಅವರು ಮುಟ್ಟಲಿಲ್ಲ.

"ಬ್ಯಾಡ, ಆಟೋದಾಗ ಹೋಗ್ತೀನಿ," ಎಂದರು. "ಅವನ ಬಾಜೂ ಕೂಡಲಿಕ್ಕೆ ನನಗ ಅದೊಂದ ದಾರಿ ಉಳದದ."